ಕೋರ್ಡೊಬಾದಲ್ಲಿ 26 ಯೂರೋ ಉಳಿಸೋಕೆ ಹೋದ ಕಥೆ

ನಮಸ್ಕಾರ ಎಲ್ಲರಿಗೂ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ, ನೋಡಿ. ಭಾನುವಾರ, ಬೆಳಿಗ್ಗೆ ಎಂಟೂಕಾಲು. ಇಲ್ಲಿಯವರು ರಾತ್ರಿ ಹತ್ತಕ್ಕೆ ಊಟಕ್ಕೆ ಕೂರುವ ಜನ, ಇಷ್ಟು ಹೊತ್ತಿಗೆ ಯಾರು ಏಳುತ್ತಾರೆ? ಎದ್ದಿದ್ದು ನಾವಿಬ್ಬರೇ. ಮುಂದೆ ದಾಪುಗಾಲು ಹಾಕುತ್ತಿರುವವಳು ನಾನು. ಹಿಂದೆ ಕ್ಯಾಮೆರಾ ಹಿಡಿದವರು ನಮ್ಮನೆಯವರು. ಚಿತ್ರ ಆಗಾಗ ಅಲ್ಲಾಡಿದರೆ ಅವರು ಆಕಳಿಸಿದರು ಅಂತ ಅರ್ಥ.

ಊರು ಕೋರ್ಡೊಬಾ, ಸ್ಪೇನ್‌ನ ದಕ್ಷಿಣಕ್ಕೆ. ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೂ ಬೇಡ. 10ನೇ ಶತಮಾನದಲ್ಲಿ ಇಲ್ಲಿ ಆಳಿದ ಮುಸ್ಲಿಂ ದೊರೆಗಳು, ಖಲೀಫರ ರಾಜಧಾನಿ, ಯುರೋಪಿನ ದೊಡ್ಡ ಊರುಗಳಲ್ಲಿ ಒಂದು. ಈಗ ಮೂರು ಲಕ್ಷ ಚಿಲ್ಲರೆ ಜನ ಇದ್ದಾರೆ. ಅವರೆಲ್ಲ ಈಗ ಮಲಗಿದ್ದಾರೆ.

ನಾವು ಓಡುತ್ತಿರುವುದು ಮೆಸ್ಕೀತಾಗೆ. ಅಂದರೆ ಮಸೀದಿ. ಈಗ ಅದು ಚರ್ಚ್, ಆದರೂ ಊರವರ ಬಾಯಲ್ಲಿ ಮೆಸ್ಕೀತಾನೇ. ನಾವು ಹೋದಾಗ ಟಿಕೆಟ್ ತಲೆಗೆ 13 ಯೂರೋ ಇತ್ತು. ಆದರೆ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ ತನಕ ಫ್ರೀ. ಇದನ್ನು ನಾನು ಮೂರು ವಾರದ ಹಿಂದೆಯೇ ಓದಿಟ್ಟುಕೊಂಡಿದ್ದೆ. ಇದಕ್ಕೋಸ್ಕರವೇ ಹಿಂದಿನ ರಾತ್ರಿ ಬಂದು ಇಳಿದಿದ್ದು.

ಈಗ ಬಾಗಿಲಲ್ಲಿ ನಿಂತವರನ್ನು ನೋಡಿ. ಪಾಪ, ತುಂಬಾ ಮರ್ಯಾದೆಯಿಂದಲೇ ಹೇಳಿದರು. 'ದೋಮಿಂಗೊ, ನೋ.' ಭಾನುವಾರ ಇಲ್ಲ. ಸೋಮವಾರದಿಂದ ಶನಿವಾರ ಮಾತ್ರ ಫ್ರೀ.

ನನ್ನ ಮುಖ ಹೇಗಾಗಿದೆ ನೋಡಿ. ಈ ಶಾಟ್ ಕತ್ತರಿಸಿ ಅಂದಿದ್ದೆ, ಅವರು ಕತ್ತರಿಸಲಿಲ್ಲ.

ಸರಿ, ಬುದ್ಧಿ ಇರುವವರು ಏನು ಮಾಡುತ್ತಾರೆ? 26 ಯೂರೋ ಕೊಟ್ಟು ಒಳಗೆ ಹೋಗುತ್ತಾರೆ. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 2600 ರೂಪಾಯಿ. ಒಂದು ಸಾವಿರ ವರ್ಷ ದಾಟಿದ ಕಟ್ಟಡಕ್ಕೆ ಅದೇನು ಜಾಸ್ತಿ ಅಲ್ಲ. ಆದರೆ ನನಗೆ ಹಟ ಬಂತು. ಫ್ರೀ ಅಂದುಕೊಂಡು ಬಂದದ್ದಕ್ಕೆ ಹೇಗೆ ದುಡ್ಡು ಕೊಡುವುದು? ಇದು ದುಡ್ಡಿನ ಪ್ರಶ್ನೆ ಅಲ್ಲ ಅಂತ ಅಲ್ಲೇ ನಿಂತು ಭಾಷಣ ಮಾಡಿದೆ. ಸುಳ್ಳು, ದುಡ್ಡಿನ ಪ್ರಶ್ನೆಯೇ. ಸಂಜೆಯ ರೈಲನ್ನು ಮರುದಿನಕ್ಕೆ ಬದಲಾಯಿಸಿದೆವು, 18 ಯೂರೋ. ರೂಮಿಗೆ ಇನ್ನೊಂದು ರಾತ್ರಿ, 64 ಯೂರೋ. ನಮ್ಮನೆಯವರು ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಬೆಂಚಿನ ಮೇಲೆ ಕೂತು ಫೋನಿನಲ್ಲಿ ಲೆಕ್ಕ ಬರೆದುಕೊಂಡರು. '26 ಉಳಿಸಾಕ 82 ಖರ್ಚು,' ಅಂದರು. ಮತ್ತೇನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ವಾಸಿ ಇತ್ತು.

ಇದು ರೋಮನ್ ಸೇತುವೆ. ಕೆಳಗಿರುವುದು ಗ್ವಾದಲ್‌ಕಿವಿರ್ ನದಿ. ಹೆಸರು ಅರಬ್ಬಿಯದ್ದು, ವಾದಿ ಅಲ್ ಕಬೀರ್, ದೊಡ್ಡ ಹೊಳೆ ಅಂತ. ಈಗ ನೋಡಿದರೆ ಅರ್ಧ ಹೊಳೆ, ಅರ್ಧ ಜೊಂಡು. ಸೇತುವೆಗೆ 16 ಕಮಾನು. ಹೆಸರು ರೋಮನ್ನರದ್ದಾದರೂ ಎಷ್ಟೋ ಸಲ ರಿಪೇರಿ ಆಗಿ ಆಗಿ ಅವರ ಕಾಲದ ಕಲ್ಲು ಉಳಿದಿರುವುದು ಸ್ವಲ್ಪವೇ. ಅಜ್ಜನ ಕೊಡಲಿಗೆ ಕಾವು ಬದಲಾಯಿಸಿದೆವು, ಬಾಯಿ ಬದಲಾಯಿಸಿದೆವು, ಆದರೂ ಅಜ್ಜನ ಕೊಡಲಿಯೇ ಅಂದ ಹಾಗೆ. ಆದರೆ ಕೇಳಿ, ಊರಿಗೆ ಎರಡನೇ ರಸ್ತೆ ಸೇತುವೆ ಬಂದಿದ್ದು 1953ರಲ್ಲಿ! ಅಲ್ಲಿಯ ತನಕ ಗಾಡಿ, ಕತ್ತೆ, ಸೈನ್ಯ, ಮದುವೆ ದಿಬ್ಬಣ, ಎಲ್ಲ ಇದರ ಮೇಲೆಯೇ.

ದಡದಲ್ಲಿ ಆ ದೊಡ್ಡ ಮರದ ಚಕ್ರ ಕಾಣುತ್ತಿದೆಯಲ್ಲ, ಅದು ಅಲ್ಬೊಲಾಫಿಯಾ. ನದಿಯ ನೀರನ್ನು ಮೇಲೆತ್ತುವ ಯಂತ್ರ, ಈಗ ಇರುವುದು ಹೊಸದಾಗಿ ಮಾಡಿಟ್ಟದ್ದು. ಪಕ್ಕದ ಕೋಟೆಯಲ್ಲಿ ಇಳಿದುಕೊಂಡಿದ್ದ ಇಸಬೆಲ್ಲಾ ರಾಣಿಗೆ ಇದರ ಕಿರಗುಟ್ಟುವ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ, ಅದಕ್ಕೆ ಕಿತ್ತು ಹಾಕಿಸಿದಳು ಅಂತ ಹೇಳುತ್ತಾರೆ. ನಾನು ರಾಣಿ ಪರ. ನಮ್ಮ ರೂಮಿನ ಕೆಳಗಿದ್ದ ಬಾರನ್ನು ಕಿತ್ತು ಹಾಕಿಸುವ ಅಧಿಕಾರ ನನಗೂ ಇದ್ದಿದ್ದರೆ...

ಆ ಕೋಟೆ, ಅಲ್ಕಾಸರ್, ನಾಳೆ ನೋಡೋಣ ಅಂದುಕೊಂಡೆವು. ಹೇಗೂ ಇನ್ನೊಂದು ದಿನ ಸಿಕ್ಕಿದೆಯಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಇದು ಯಹೂದಿಗಳ ಹಳೆಯ ಕೇರಿ. ಬಿಳಿ ಸುಣ್ಣ, ನೀಲಿ ಹೂಕುಂಡ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಈ ಗಲ್ಲಿಗೆ ಹೂವಿನ ಗಲ್ಲಿ ಅಂತಲೇ ಹೆಸರು. ಕೊನೆಯಲ್ಲಿ ತಿರುಗಿ ನಿಂತರೆ ಎರಡು ಗೋಡೆಗಳ ನಡುವೆ ಸರಿಯಾಗಿ ಮೆಸ್ಕೀತಾದ ಗಂಟೆಗೋಪುರ ಕಾಣುತ್ತದೆ. ಫೋಟೊಗೆ ಸರದಿ ನಿಂತವರನ್ನು ನೋಡಿ. ನಾನೂ ನಿಂತೆ. ಬೈದುಕೊಂಡೇ ನಿಂತೆ.

ಇಲ್ಲಿ ಒಂದು ಸಣ್ಣ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, 1315ರದ್ದು. ಸ್ಪೇನ್‌ನಲ್ಲಿ ಆ ಕಾಲದವು ನೆಟ್ಟಗೆ ಉಳಿದಿರುವುದು ಬೆರಳೆಣಿಕೆ, ಅದರಲ್ಲಿ ಎರಡು ತೊಲೆಡೊದಲ್ಲಿ. ನಮ್ಮನೆ ನಡುಮನೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಆದರೆ ಗೋಡೆಯ ಗಾರೆ ಕೆತ್ತನೆ ನೋಡಿ, ಕಸೂತಿ ಹಾಕಿದ ಹಾಗಿದೆ. ಹೊರಗೆ ಕೂತಿರುವ ಕಂಚಿನ ಯಜಮಾನರು ಮೈಮೊನಿಡೆಸ್, 12ನೇ ಶತಮಾನದ ಯಹೂದಿ ಪಂಡಿತರು, ವೈದ್ಯರು, ಇದೇ ಊರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಊರು ಬಿಡಬೇಕಾಯಿತು. ಹೊಸದಾಗಿ ಬಂದ ಸುಲ್ತಾನರು ಮತ ಬದಲಿಸಿ, ಇಲ್ಲವೇ ಹೊರಡಿ ಅಂದರು. ಈಗ ಬಂದವರೆಲ್ಲ ಅವರ ಕಾಲು ಮುಟ್ಟಿ ಮುಟ್ಟಿ ಪಾದ ಮಾತ್ರ ಫಳಫಳ ಹೊಳೆಯುತ್ತಿದೆ. ನಾನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪಕ್ಕದವರು ನನ್ನನ್ನೇ ನೋಡಿದರು. ಅಭ್ಯಾಸ, ಏನು ಮಾಡೋಣ.

ಮಧ್ಯಾಹ್ನ, 40 ಡಿಗ್ರಿ. ಶಿರಸಿಯಲ್ಲಿ ಬೆಳೆದ ನನಗೆ ಜೀವ ಹೋಗುತ್ತಿದೆ. ನಮ್ಮನೆಯವರು ವಿಜಯಪುರದವರು, ಅವರು ಮಾತ್ರ ಮದುವೆಗೆ ಬಂದವರ ಹಾಗೆ ಓಡಾಡುತ್ತಿದ್ದಾರೆ. 'ಇದೇನ್ ಬಿಸಲ, ನಮ್ಮ ಕಡೆ ಏಪ್ರಿಲ್‌ನಾಗ ಇದಕಿಂತ ಹೆಚ್ಚ ಇರ್ತದ.' ಇರಲಿ. ಊಟ ಬಂತು. ಸಾಲ್ಮೊರೆಹೊ ಅಂತ, ಟೊಮೆಟೊ, ಒಣ ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ರುಬ್ಬಿ ತಣ್ಣಗೆ ಕೊಡುತ್ತಾರೆ. ಸಸ್ಯಾಹಾರ ಅಂತ ಖುಷಿಪಟ್ಟೆ. ಮೇಲೆ ಉದುರಿಸಿರುವುದು ಏನು ಹೇಳಿ? ಹಂದಿಮಾಂಸ. ಇವರಿಗೆ ಅದು ನಮ್ಮ ಕೊತ್ತಂಬರಿ ಸೊಪ್ಪಿನ ಹಾಗೆ! ಹೋಗುವವರು 'ಸಿನ್ ಹಮೋನ್' ಅಂತ ಬಾಯಿಪಾಠ ಮಾಡಿಕೊಳ್ಳಿ, ಹಮೋನ್ ಬೇಡ ಅಂತ. ಆಮೇಲೆ ಬಂದಿದ್ದು ಬದನೆಕಾಯಿ. ಬಜ್ಜಿ ಹಾಗೆ ಕರಿದು, ಮೇಲೆ ಕಪ್ಪಗೆ ಏನೋ ಸುರಿದಿದ್ದಾರೆ. ಜೇನು ಅಂತ ಮೆನುವಿನಲ್ಲಿ ಬರೆದಿದೆ, ಆದರೆ ಜೇನಲ್ಲ, ಕಬ್ಬಿನ ಪಾಕ. ಬಾಯಿಗಿಟ್ಟರೆ ನಮ್ಮ ಜೋನಿಬೆಲ್ಲ! ಬದನೆಕಾಯಿ ಬಜ್ಜಿಗೆ ಜೋನಿಬೆಲ್ಲ ಅಂದರೆ ಅಮ್ಮ ಬೈಯುತ್ತಾಳೆ. ಎರಡು ಪ್ಲೇಟ್ ತಿಂದೆ.

ಸಂಜೆ ಮನೆಗಳ ಅಂಗಳ ನೋಡಿದೆವು. ಪಾತಿಯೊ ಅಂತಾರೆ, ನಮ್ಮ ತೊಟ್ಟಿಮನೆಯ ಅಂಗಳವೇ. ಇಲ್ಲಿಯ ಮೇ ತಿಂಗಳ ಅಂಗಳದ ಹಬ್ಬವನ್ನು 2012ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ನಾವು ಬಂದಿದ್ದು ಜೂನ್ ಕೊನೆಗೆ, ಹೂವು ಅರ್ಧ ಬಾಡಿದೆ. ಗೋಡೆ ತುದಿಯ ಕುಂಡಕ್ಕೆ ನೀರು ಹಾಕುವುದನ್ನು ನೋಡಿ. ಉದ್ದ ಕೋಲಿನ ತುದಿಗೆ ಡಬ್ಬ ಕಟ್ಟಿದ್ದಾರೆ. ಅಡಿಕೆ ಮರಕ್ಕೆ ಔಷಧಿ ಹೊಡೆಯುವ ದೋಟಿ ನೆನಪಾಯಿತು ನನಗೆ. ಆ ಕೆಲಸ ಈಗ ಅಪ್ಪನ ಕೈಲಾಗುವುದಿಲ್ಲ, ಆಳೂ ಸಿಗುವುದಿಲ್ಲ, ಈ ಸಲ ಕೊಳೆರೋಗ... ಅಯ್ಯೋ, ಶಾಟ್ ಮುಗಿಯಿತು.

ಸೋಮವಾರ, ಎಂಟೂವರೆ. ಅದೇ ಬಾಗಿಲು, ಅದೇ ಮನುಷ್ಯ. ಕೈ ತೋರಿಸಿ ಬನ್ನಿ ಅಂದರು. ಒಂದು ನಿಮಿಷ ನಾನು ಸುಮ್ಮನಿರುತ್ತೇನೆ, ನೀವು ನೋಡಿ.

ಅಲ್ವಾ?

856 ಕಂಬ. ಮೊದಲು ಇನ್ನೂ ಜಾಸ್ತಿ ಇದ್ದವು. 780ರ ದಶಕದಲ್ಲಿ ಇಲ್ಲಿನ ಮುಸ್ಲಿಂ ದೊರೆ ಮೊದಲನೇ ಅಬ್ದುರ್ರಹಮಾನ್ ಕಟ್ಟಲು ಶುರು ಮಾಡಿಸಿದ. ಕಂಬಗಳನ್ನು ಹೊಸದಾಗಿ ಕಡೆಸಲಿಲ್ಲ, ಹಳೆಯ ರೋಮನ್ ಕಟ್ಟಡಗಳಿಂದ, ರೋಮನ್ನರ ನಂತರ ಆಳಿದ ವಿಸಿಗಾತರ ಕಟ್ಟಡಗಳಿಂದ ತಂದು ನಿಲ್ಲಿಸಿದರು. ಅದಕ್ಕೇ ಒಂದರ ಬಣ್ಣ ಇನ್ನೊಂದಕ್ಕಿಲ್ಲ, ಉದ್ದವೂ ಒಂದೇ ಇಲ್ಲ. ಎಲ್ಲ ಗಿಡ್ಡ ಕಂಬಗಳು. ಇಷ್ಟು ದೊಡ್ಡ ಜಾಗಕ್ಕೆ ಅಷ್ಟು ಗಿಡ್ಡ ಛಾವಣಿ ಹಾಕಿದರೆ ಉಗ್ರಾಣದ ಹಾಗೆ ಕಾಣುತ್ತಿತ್ತು. ಅದಕ್ಕೆ ಏನು ಮಾಡಿದರು ನೋಡಿ, ಕಮಾನಿನ ಮೇಲೆ ಇನ್ನೊಂದು ಕಮಾನು. ಕೆಳಗಿನದು ಕುದುರೆ ಲಾಳದ ಆಕಾರ, ಮೇಲಿನದು ಅರ್ಧ ವೃತ್ತ. ಛಾವಣಿ ಮೇಲೆ ಹೋಯಿತು, ಬೆಳಕೂ ಗಾಳಿಯೂ ಮಧ್ಯದಲ್ಲಿ ಹಾದುಹೋಯಿತು. ಸಾಮಾನು ಗಿಡ್ಡ ಅಂತ ಹೊಳೆದ ಉಪಾಯ ಇದು! ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಕೆಂಪು ಇಟ್ಟಿಗೆ, ಬಿಳಿ ಕಲ್ಲು.

ಈ ಕಡೆಯ ಭಾಗ ಆಮೇಲೆ ಖಲೀಫನ ಮಂತ್ರಿ ಅಲ್ಮನ್ಸೂರ್ ಸೇರಿಸಿದ್ದು, 987ರ ಹೊತ್ತಿಗೆ. ಹತ್ತಿರ ಹೋಗಿ ನೋಡಿ, ಇಲ್ಲಿ ಕೆಂಪು ಬರೀ ಬಣ್ಣ. ಇಟ್ಟಿಗೆ ಇಲ್ಲ, ಬಳಿದಿದ್ದಾರೆ. ಕಂಟ್ರಾಕ್ಟರ್ ಕೆಲಸ ಅಂದೆ ನಾನು. ಈ ಅಲ್ಮನ್ಸೂರ್ 997ರಲ್ಲಿ ಸಾಂತಿಯಾಗೊ ಊರನ್ನು ಲೂಟಿ ಮಾಡಿ, ಅಲ್ಲಿನ ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಇಲ್ಲಿಗೆ ತರಿಸಿದನಂತೆ. 1236ರಲ್ಲಿ ಕ್ರೈಸ್ತ ರಾಜ ಮೂರನೇ ಫರ್ನಾಂಡೊ ಈ ಊರು ಗೆದ್ದ. ಅವನು ಅದೇ ಗಂಟೆಗಳನ್ನು ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ವಾಪಸ್ ಕಳಿಸಿದನಂತೆ. ರಾಜರು ಸೇಡು ತೀರಿಸಿಕೊಂಡರು, ಹೆಗಲು ಮಾತ್ರ ಯಾರದೋ.

ಇದು ಮಿಹ್ರಾಬ್, ನಮಾಜಿಗೆ ಯಾವ ಕಡೆ ಮುಖ ಮಾಡಬೇಕು ಅಂತ ತೋರಿಸುವ ಗೋಡೆಯ ಗೂಡು. ಖಲೀಫ ಎರಡನೇ ಅಲ್ ಹಕಮ್ ಮಾಡಿಸಿದ್ದು, 960ರ ದಶಕ. ಬಂಗಾರದ ಬಣ್ಣದ ಚೂರುಗಳು, ಅದನ್ನು ಕೂರಿಸುವ ಕೈಚಳಕ, ಎರಡೂ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಕಳಿಸಿದ್ದು. ಅವನು ಕ್ರೈಸ್ತ! ನಮ್ಮನೆಯವರು ಇಲ್ಲಿ ಕ್ಯಾಮೆರಾ ಕೆಳಗಿಳಿಸಿದ್ದಾರೆ, ಅದಕ್ಕೇ ನಿಮಗೆ ನೆಲ ಕಾಣುತ್ತಿದೆ. 'ನಮ್ಮ ಜುಮ್ಮಾ ಮಸೀದಿಯಾಗೂ ಬಂಗಾರದ್ ಐತಿ,' ಅಂತ ನಿಂತುಬಿಟ್ಟರು. ವಿಜಯಪುರದ ಆ ಮಿಹ್ರಾಬ್ ಎದುರು ನನ್ನನ್ನೂ ಹೀಗೇ ಅರ್ಧ ಗಂಟೆ ನಿಲ್ಲಿಸಿದ್ದರು, ಮದುವೆಯಾದ ಹೊಸದರಲ್ಲಿ.

ಈಗ ಕ್ಯಾಮೆರಾ ಎಡಕ್ಕೆ. ಕಂಬಗಳ ಕಾಡಿನ ನಡುವೆ ಇದ್ದಕ್ಕಿದ್ದಂತೆ ಬಿಳಿ ಬಿಳಿ ದೊಡ್ಡ ಚರ್ಚ್. 1523ರಲ್ಲಿ ಬಿಷಪ್ ನಡು ಭಾಗ ಒಡೆಸಿ ಶುರು ಮಾಡಿಸಿದ್ದು, ಮುಗಿಯುವಾಗ 1607. ಊರಿನ ಸಭೆಯೇ ವಿರೋಧ ಮಾಡಿತ್ತು, ಒಡೆಯಲು ಹೋದ ಕೆಲಸದವರಿಗೆ ಮರಣದಂಡನೆ ಅಂತ ಡಂಗುರ ಹೊಡೆಸಿತ್ತು. ರಾಜ ಐದನೇ ಚಾರ್ಲ್ಸ್ ಬಿಷಪ್ ಪರ ನಿಂತ. ಆಮೇಲೆ ಕಣ್ಣಾರೆ ನೋಡಿ, ಎಲ್ಲೂ ಇಲ್ಲದ್ದನ್ನು ಹಾಳುಮಾಡಿದಿರಲ್ಲ ಅಂದನಂತೆ. ಆ ಮಾತು ನಿಜವಾಗಿ ಆಡಿದನೋ, ಯಾರಾದರೂ ಕಟ್ಟಿದ್ದೋ. ಆಡಿದ್ದರೂ ನಾನು ನಂಬುವುದಿಲ್ಲ. ಅದೇ ಹೊತ್ತಿಗೆ ಗ್ರನಾಡಾದಲ್ಲಿ, ಮುಸ್ಲಿಂ ದೊರೆಗಳ ಕೋಟೆ ಅಲ್‌ಹಂಬ್ರಾದ ಒಳಗೇ ತನಗೊಂದು ಅರಮನೆ ಕಟ್ಟಿಸಲು ಕೂತವನು ಅವನೇ.

ನನಗೆ ಸಿಟ್ಟು ಬಂತು, ಕ್ಯಾಮೆರಾ ಮುಂದೆ ಚೆನ್ನಾಗಿ ಬೈದೆ. ಇಲ್ಲಿ ಬಾಯಿ ಅಲ್ಲಾಡುತ್ತಿದೆಯಲ್ಲ, ಅದು ಬೈಗುಳ, ಸದ್ದು ತೆಗೆದಿದ್ದೇನೆ. ಯಾಕೆಂದರೆ ಒಂಬತ್ತು ಇಪ್ಪತ್ತಕ್ಕೆ ಸಿಬ್ಬಂದಿ ಬಂದು ನಮ್ಮನ್ನೆಲ್ಲ ಬಾಗಿಲ ಕಡೆ ಸಾಗಿಸಿದರು, ಪೂಜೆ ಇದೆ ಅಂತ. ಹೊರಗೆ ಕಿತ್ತಳೆ ಮರಗಳ ಅಂಗಳದಲ್ಲಿ ಕೂತಾಗ ಇನ್ನೊಂದು ಹೊಳೆಯಿತು. ಒಳಗೆ ಚರ್ಚ್ ಇಲ್ಲದಿದ್ದರೆ ಈ ಕಂಬಗಳು ಉಳಿಯುತ್ತಿದ್ದವಾ? ಸ್ಪೇನ್‌ನಲ್ಲಿ ಎಷ್ಟೋ ಊರಿನಲ್ಲಿ ಮಸೀದಿ ಕೆಡವಿ ಮೇಲೆ ಚರ್ಚ್ ಕಟ್ಟಿದ್ದಾರೆ, ಸೆವಿಯಾದಲ್ಲಿ ಹಾಗೇ ಆಗಿದ್ದು. ಇಲ್ಲಿ ಹೊಟ್ಟೆಯೊಳಗೆ ಬೆಳೆದ ಚರ್ಚೇ ಸುತ್ತಲಿನದನ್ನು ಕಾಪಾಡಿತೋ ಏನೋ. ಬೈದಿದ್ದು ಅವಸರವಾಯಿತು. ಇನ್ನೊಂದು ಸಲ ನೋಡಬೇಕು ಅಂದೆ.

ನಮ್ಮನೆಯವರು ನನ್ನ ಮುಖ ನೋಡಿದರು. ಫೋನ್ ತೆಗೆದರು. ಲೆಕ್ಕದ ಪುಟ ತೆರೆದರು.

ಹೌದು, ಹತ್ತು ಗಂಟೆಗೆ ಟಿಕೆಟ್ ಕೊಂಡೆವು. 26 ಯೂರೋ. ಹೋಗಿ ನೋಡಿದೆ. ಚರ್ಚಿನೊಳಗೆ ಮರದಲ್ಲಿ ಕೆತ್ತಿದ ಆಸನಗಳು ಚೆನ್ನಾಗಿವೆ, ಮರ ಅಮೆರಿಕದಿಂದ ಹಡಗಿನಲ್ಲಿ ಬಂದಿದ್ದು. ಆದರೆ ಎರಡನೇ ಸಲ ನೋಡಿದರೂ ನನಗೆ ಆ ಚರ್ಚ್ ಇಷ್ಟವಾಗಲಿಲ್ಲ. ಬೈಗುಳ ವಾಪಸ್ ತಗೊಂಡಿದ್ದನ್ನು ಅರ್ಧ ವಾಪಸ್ ತಗೊಳ್ಳುತ್ತೇನೆ.

ಇದು ಅಲ್ಕಾಸರ್ ಬಾಗಿಲು. 1486ರಲ್ಲಿ ಕೊಲಂಬಸ್ ರಾಜ ರಾಣಿಯರ ಎದುರು ತನ್ನ ಯೋಜನೆ ಹಿಡಿದು ನಿಂತ ಕೋಟೆ. ನಾವು ಮುಚ್ಚಿದ ಬಾಗಿಲ ಎದುರು ನಿಂತಿದ್ದೇವೆ. ಸೋಮವಾರ ರಜೆ. ಊರಾಚೆಯ ಮದೀನಾ ಅಜಾರಾ, 936ರಲ್ಲಿ ಖಲೀಫ ಕಟ್ಟಿಸಲು ಶುರು ಮಾಡಿ, ನೂರು ವರ್ಷವೂ ಬಾಳದೆ ಹಾಳಾದ ಆ ಅರಮನೆ ಊರಿಗೆ ಹೋಗೋಣ ಅಂದರೆ, ಅದಕ್ಕೂ ಸೋಮವಾರ ರಜೆ. ಭಾನುವಾರ ಎರಡೂ ತೆರೆದಿದ್ದವು. ನಾನು ಮಾತಾಡುವುದಿಲ್ಲ, ಮುಂದಿನ ಶಾಟ್.

ಉಳಿದ ಹೊತ್ತಿಗೆ ಗಂಟೆಗೋಪುರ ಹತ್ತಿದೆವು, ತಲೆಗೆ 3 ಯೂರೋ. 54 ಮೀಟರ್ ಎತ್ತರ. ಹಳೆಯ ಮಿನಾರನ್ನೇ ಒಳಗಿಟ್ಟು ಸುತ್ತ ಗೋಪುರ ಕಟ್ಟಿದ್ದಾರೆ, ಹತ್ತುವಾಗ ಆ ಹಳೆಯ ಗೋಡೆ ಕಾಣುತ್ತದೆ. ಮೇಲಿನಿಂದ ನೋಡಿದರೆ ಮಸೀದಿಯ ಹೆಂಚಿನ ಸಾಲು ಸಾಲು, ನಡುವೆ ಎದ್ದು ನಿಂತ ಚರ್ಚ್, ಆಚೆ ನದಿ, ಸೇತುವೆ.

ಇಲ್ಲಿ ನಾನು ಏನೋ ಹೇಳುತ್ತಿದ್ದೇನೆ, ನಿಮಗೆ ಕೇಳಿಸುವುದಿಲ್ಲ. ಪಕ್ಕದಲ್ಲೇ ಗಂಟೆ ಹೊಡೆಯಿತು. ಹೇಳಿದ್ದು ಇಷ್ಟೇ: 'ರೀ, ಒಟ್ಟು ಎಷ್ಟಾಯ್ತು?' ಅವರು ಬೆರಳು ಮಡಚಿ ತೋರಿಸುತ್ತಿದ್ದಾರಲ್ಲ, ಅದು 114.