ಬಾರದ ರೋಗಿಯನ್ನು ಕೇಳುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ವೈದ್ಯರ ಓದೆಲ್ಲ ಎದುರಿಗೆ ಕುಳಿತ ರೋಗಿಯ ಬಗ್ಗೆಯೇ. ಜ್ವರಕ್ಕೆ, ಗಾಯಕ್ಕೆ ಅದು ಸಾಕು. ಸಕ್ಕರೆ ಕಾಯಿಲೆ, ಬಿಪಿ, ಖಿನ್ನತೆಗೆ ಸಾಲದು. ಇವು ವರ್ಷಗಟ್ಟಲೆ ಜೊತೆಗಿರುವ ಕಾಯಿಲೆಗಳು. ಖಿನ್ನತೆಯಂತೂ ಆಸ್ಪತ್ರೆಗೆ ಹೊರಡುವ ಮನಸ್ಸನ್ನೇ ಕೊಂದುಬಿಡುತ್ತದೆ. ಎರಡು ವಾರಕ್ಕೇ ಮಾತ್ರೆ ಬಿಟ್ಟು ಮನೆಯಲ್ಲಿ ಮಲಗಿದವರನ್ನು ಕಂಡವರಿಲ್ಲ. ಮತ್ತೆ ಬರಲಿಲ್ಲವಲ್ಲ, ವಾಸಿಯಾಗಿರಬೇಕು ಅಂದುಕೊಳ್ಳುವುದು ಎಷ್ಟು ಸುಲಭ, ಅಲ್ವಾ?

ಬ್ರಿಟನ್ನಿನ ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯೊಂದರಲ್ಲಿ ಡಾ. ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರಿದ್ದರು. 1960ರ ದಶಕದ ಕೊನೆಗೆ ಅವರು ಬಂದವರದಷ್ಟೇ ಅಲ್ಲ, ಬಾರದವರ ರಕ್ತದೊತ್ತಡವನ್ನೂ ಅಳೆಯಲು ಹೊರಟರು. ಇಡೀ ಹಳ್ಳಿಯೇ ತಮ್ಮ ರೋಗಿ ಎನ್ನುವ ಲೆಕ್ಕ ಅವರದು. ನಮ್ಮ ವೈದ್ಯರಿಗೆ ಕಲಿಸಬೇಕಾದದ್ದು ಇದನ್ನೇ.

ಮಾನಸಿಕ ಕಾಯಿಲೆಯಲ್ಲೂ ಇದು ನಡೆಯುತ್ತದೆಯೇ? ಅಮೆರಿಕದಲ್ಲಿ 18 ಕ್ಲಿನಿಕ್‌ಗಳಲ್ಲಿ, 60 ದಾಟಿದ, ಖಿನ್ನತೆಯಿದ್ದ 1801 ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ಫಲಿತಾಂಶ 2002ರಲ್ಲಿ ಬಂತು. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅವರ ವೈದ್ಯರ ಜೊತೆ ಒಬ್ಬ ನರ್ಸ್ ಅಥವಾ ಮನಶ್ಶಾಸ್ತ್ರಜ್ಞರು ಇದ್ದರು. ಹೇಗಿದ್ದೀರಿ, ಮಾತ್ರೆ ನಡೀತಿದೆಯಾ ಎಂದು ಅವರು ಮತ್ತೆ ಮತ್ತೆ ವಿಚಾರಿಸುತ್ತಿದ್ದರು. ಗುಣ ಕಾಣದವರ ಬಗ್ಗೆ ಮನೋವೈದ್ಯರ ಜೊತೆ ಕೂತು ಚರ್ಚಿಸಿ, ಚಿಕಿತ್ಸೆ ಬದಲಿಸಲು ಹೇಳುತ್ತಿದ್ದರು. ಒಂದು ವರ್ಷಕ್ಕೆ ಲಕ್ಷಣಗಳು ಅರ್ಧದಷ್ಟಾದರೂ ತಗ್ಗಿದವರು ಈ ಗುಂಪಿನಲ್ಲಿ ಶೇ 45. ಮಾಮೂಲಿ ಚಿಕಿತ್ಸೆಯಲ್ಲಿ ಶೇ 19. ಹೊಸ ಔಷಧಿ ಕಂಡುಹಿಡಿದು ಬಂದ ಫಲ ಅಲ್ಲ ಇದು. ಇರುವ ಔಷಧಿ, ಇರುವ ಮಾತಿನ ಚಿಕಿತ್ಸೆ. ಯಾರೂ ಕೈಜಾರದಂತೆ ನೋಡಿಕೊಂಡರು, ಅಷ್ಟೇ.

ಇದನ್ನು ಕಲಿಸುವುದು ಹೇಗೆ? ಸುಮ್ನೆ ಉಪನ್ಯಾಸ ಕೊಟ್ಟರೆ ಆಗದು. ಕಲಿಯುವ ವೈದ್ಯರ ಕೈಗೆ ಅವರದೇ ಕ್ಲಿನಿಕ್‌ನ ರೋಗಿಗಳ ಪಟ್ಟಿ ಕೊಡಬೇಕು. ಯಾರ ಸಕ್ಕರೆ ಇಳಿದಿಲ್ಲ, ಯಾರು ತಿಂಗಳುಗಟ್ಟಲೆ ಬಂದಿಲ್ಲ ಎಂದು ಪ್ರತಿ ವಾರ ಕೂತು ನೋಡಬೇಕು. ಖಿನ್ನತೆಗೂ ಅಳತೆಯಿದೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 0ಯಿಂದ 27ರವರೆಗೆ ಅಂಕ. ಬಿಪಿಯ ಹಾಗೆಯೇ ಈ ಅಂಕವನ್ನೂ ಪ್ರತಿ ಭೇಟಿಯಲ್ಲಿ ಬರೆದಿಟ್ಟರೆ, ಇಳಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಜಾಸ್ತಿ ಕಷ್ಟದ ಪಾಠ ಇನ್ನೊಂದಿದೆ. ನರ್ಸ್ ಹೇಳಿದ್ದನ್ನು ಕೇಳಿ ವೈದ್ಯರು ತಮ್ಮ ನಿರ್ಧಾರ ಬದಲಿಸಬೇಕು. ಮನೋವೈದ್ಯರು ತಾವು ಕಣ್ಣಾರೆ ನೋಡದ ರೋಗಿಗೂ ಸಲಹೆ ಕೊಡಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ವೈದ್ಯರು, ನರ್ಸ್‌ಗಳು, ಆಪ್ತಸಲಹೆಗಾರರು ಕಲಿಯುವಾಗಲೇ ಒಟ್ಟಿಗೆ ಕಲಿಯಬೇಕು.

ಒಂದು ಎಚ್ಚರಿಕೆಯನ್ನೂ ಕಲಿಸಲೇಬೇಕು. ಮನಸ್ಸಿನ ಕಾಯಿಲೆಯವರ ಮನೆಗೆ ಫೋನ್ ಮಾಡಿದಾಗ ಬೇರೆಯವರು ಎತ್ತಿಕೊಂಡರೆ ಅವರ ಗುಟ್ಟು ಬಯಲಾಗುತ್ತದೆ. ಹಾಗಾಗಿ ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕು: ನೀವು ಬರದಿದ್ದರೆ ನಾವು ವಿಚಾರಿಸಬಹುದಾ? ಯಾವ ನಂಬರಿಗೆ, ಯಾವ ಹೊತ್ತಿಗೆ ಮಾಡೋಣ?

ನಮಸ್ಕಾರ.