ಕೇಳಿದರಾಯಿತು ಎನ್ನುವವರಿಗೆ ಒಂದು ಉತ್ತರ

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಒಬ್ಬ ವೀಕ್ಷಕರು ಬರೆದ ಸಾಲೊಂದು ನನ್ನನ್ನು ವಾರವಿಡೀ ಕೆಣಕಿದೆ: "ಗ್ರಾಹಕರಿಗೆ ಏನು ಬೇಕೆಂದು ಗ್ರಾಹಕರನ್ನೇ ಕೇಳಿದರಾಯಿತು, ಅದಕ್ಕೆ ಮಾರುಕಟ್ಟೆ ಸಂಶೋಧನೆ ಎಂಬ ದೊಡ್ಡ ಹೆಸರೇಕೆ?" ಈ ಸಾಲಿಗೆ ಬಿದ್ದ ಮೆಚ್ಚುಗೆಗಳು ನನ್ನ ಸಂಚಿಕೆಗೆ ಬಿದ್ದಿದ್ದರೆ ನಾನು ಇಷ್ಟು ಸಿಡುಕುತ್ತಿರಲಿಲ್ಲವೇನೋ. ಇರಲಿ. ಇಂದು ಹೇಳುವುದು ಒಂದೇ ಮಾತು, ಆದರೆ ನಿಮಗೆ ಬೇಸರವಾಗುವಷ್ಟು ಸಲ ಹೇಳುತ್ತೇನೆ: ಜನರು ಕೊಡುವ ಉತ್ತರವೂ ಅವರ ಮನಸ್ಸೂ ಒಂದೇ ಅಲ್ಲ.

ಅಮೆರಿಕದ ಮನೋವಿಜ್ಞಾನಿ ಮೇಸನ್ ಹೇರ್ 1950ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಆಗ ಅಲ್ಲಿನ ಗೃಹಿಣಿಯರಲ್ಲಿ ಅನೇಕರು ಇನ್‌ಸ್ಟಂಟ್ ಕಾಫಿಯನ್ನು ಒಪ್ಪಿರಲಿಲ್ಲ. ಏಕೆಂದು ನೇರವಾಗಿ ಕೇಳಿದರೆ, ರುಚಿ ಹಿಡಿಸುವುದಿಲ್ಲ ಎನ್ನುತ್ತಿದ್ದರು. ಹೇರ್ ಆ ಉತ್ತರಕ್ಕೆ ತಲೆಯಾಡಿಸಿ ಎದ್ದು ಬರಲಿಲ್ಲ. ಅವರು ಎರಡು ಖರೀದಿ ಪಟ್ಟಿಗಳನ್ನು ಸಿದ್ಧಪಡಿಸಿದರು. ಒಂದರಲ್ಲಿ ನೆಸ್‌ಕೆಫೆ ಎಂಬ ಇನ್‌ಸ್ಟಂಟ್ ಕಾಫಿ, ಇನ್ನೊಂದರಲ್ಲಿ ಸೋಸಿ ಮಾಡಿಕೊಳ್ಳಬೇಕಾದ ಮ್ಯಾಕ್ಸ್‌ವೆಲ್ ಹೌಸ್ ಪುಡಿ, ಉಳಿದದ್ದೆಲ್ಲ ಒಂದೇ. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿಯನ್ನು ಮಾತ್ರ ತೋರಿಸಿ, ಇದನ್ನು ಬರೆದ ಹೆಂಗಸು ಎಂಥವಳಿರಬಹುದು ಎಂದು ವರ್ಣಿಸಲು ಹೇಳಿದರು. ನೆಸ್‌ಕೆಫೆ ಇದ್ದ ಪಟ್ಟಿಯನ್ನು ಕಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅವಳನ್ನು ಸೋಮಾರಿ ಎಂದರು. ಇನ್ನೊಂದು ಪಟ್ಟಿಯನ್ನು ಕಂಡವರಲ್ಲಿ ಹಾಗೆಂದವರು ಬೆರಳೆಣಿಕೆಯಷ್ಟೇ. ಅಡ್ಡಿಯಾಗಿದ್ದದ್ದು ನಾಲಿಗೆಯ ರುಚಿಗಿಂತ ಹೆಚ್ಚಾಗಿ, ಒಳ್ಳೆಯ ಗೃಹಿಣಿ ಎಂಬ ಹೆಸರು ಕೆಡಬಹುದೆಂಬ ಅಳುಕು. "ನನ್ನನ್ನು ಸೋಮಾರಿ ಎಂದಾರು ಎಂಬ ಭಯ ನನಗಿದೆ" ಎಂದು ಯಾವ ಗೃಹಿಣಿ ಪ್ರಶ್ನಾವಳಿಯಲ್ಲಿ ಬರೆಯುತ್ತಾಳೆ? ಅವಳು ಸುಳ್ಳುಗಾರ್ತಿಯಲ್ಲ, ಆ ಕಾರಣ ಅವಳಿಗೇ ತಿಳಿದಿರದೆಯೂ ಇರಬಹುದು. ಉತ್ತರ ಬೇರೆ, ಮನಸ್ಸು ಬೇರೆ.

ಇದು ಸಾಮಾನು ಕೊಳ್ಳುವವರ ವಿಷಯ, ಸಮಾಜದ ಧೋರಣೆಗಳಲ್ಲಿ ಹೀಗಾಗದು ಎನ್ನುವಿರಾ? ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್, ಏಷ್ಯಾದವರ ಮೇಲೆ ಪೂರ್ವಗ್ರಹ ತೀವ್ರವಾಗಿದ್ದ ದಿನಗಳಲ್ಲಿ, ಚೀನೀ ದಂಪತಿಯೊಡನೆ ಅಮೆರಿಕವನ್ನು ಸುತ್ತಿದರು. ವಸತಿಗೃಹ, ಉಪಾಹಾರಗೃಹ ಎಲ್ಲ ಸೇರಿ 251 ಕಡೆ ಹೋದಾಗ ಅವರನ್ನು ಹಿಂದಕ್ಕೆ ಕಳುಹಿಸಿದ್ದು ಒಂದೇ ಕಡೆ. ತಿಂಗಳುಗಳ ಬಳಿಕ ಅದೇ ಸ್ಥಳಗಳಿಗೆ ಪತ್ರ ಬರೆದು, ಚೀನೀ ಜನರನ್ನು ಅತಿಥಿಗಳಾಗಿ ಸ್ವೀಕರಿಸುವಿರಾ ಎಂದು ಕೇಳಿದರೆ, ಉತ್ತರಿಸಿದ 128 ಮಂದಿಯಲ್ಲಿ ಶೇಕಡಾ 90ಕ್ಕೂ ಹೆಚ್ಚಿನವರು ಇಲ್ಲವೆಂದರು. ಇದು 1934ರಲ್ಲಿ ಪ್ರಕಟವಾಯಿತು. ಪತ್ರಕ್ಕೆ ಉತ್ತರ ಬರೆದವರೇ ಬಾಗಿಲು ತೆರೆದವರೂ ಆಗಿದ್ದರೋ ಎಂದು ವಿದ್ವಾಂಸರು ಇಂದಿಗೂ ತಕರಾರು ತೆಗೆಯುತ್ತಾರೆ. ತೆಗೆಯಲಿ, ಆ ತಕರಾರೂ ಸಂಶೋಧನೆಯೇ. ನಮ್ಮ ವೀಕ್ಷಕರ ವಿಧಾನದಲ್ಲಿ ಪತ್ರವೊಂದೇ ಸಾಕಿತ್ತು.

ಹೆಚ್ಚು ಜನರನ್ನು ಕೇಳಿದರೆ ಸತ್ಯ ಸಿಕ್ಕೀತು ಎಂಬುದು ಇನ್ನೊಂದು ವಾದ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ ಅಲ್ಲಿನ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಮೀರಿದ ಉತ್ತರಗಳನ್ನು ಗುಡ್ಡೆ ಹಾಕಿಕೊಂಡು ರೂಸ್‌ವೆಲ್ಟ್ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆಂದಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ದೂರವಾಣಿ ಮತ್ತು ಕಾರು ಇದ್ದವರ ಪಟ್ಟಿಗಳನ್ನು ಹಿಡಿದು ಹೊರಟವರಿಗೆ, ಅವೆರಡೂ ಇಲ್ಲದವರಿಗೂ ಮತವಿದೆ ಎಂಬುದು ಹೊಳೆಯಲಿಲ್ಲ. ಕೋಕಾ ಕೋಲಾ ಕೂಡ ಸುಮಾರು 2 ಲಕ್ಷ ಜನರಿಗೆ ರುಚಿ ತೋರಿಸಿ 1985ರ ಏಪ್ರಿಲ್‌ನಲ್ಲಿ ಹೊಸ ಪಾನೀಯವನ್ನು ತಂದು, ಪ್ರತಿಭಟನೆ ತಡೆಯಲಾರದೆ 79 ದಿನಗಳಲ್ಲಿ ಹಳೆಯದನ್ನು ಮರಳಿ ತಂದಿತು. ಜನ ಹೊಸದನ್ನು ಮೆಚ್ಚಿದ್ದು ನಿಜ. ಆದರೆ ಒಂದು ಗುಟುಕು ರುಚಿಸಿತೇ ಎಂಬುದು ಒಂದು ಪ್ರಶ್ನೆ, ಹಳೆಯದನ್ನು ಕಿತ್ತುಕೊಂಡರೆ ಸಹಿಸುವಿರಾ ಎಂಬುದು ಇನ್ನೊಂದು. ಎರಡನೆಯದಕ್ಕೆ ಸಿಗಬೇಕಾದ ತೂಕ ಸಿಗಲಿಲ್ಲ.

ಈಗ ದತ್ತಾಂಶವೇ ಎಲ್ಲವನ್ನೂ ಹೇಳುತ್ತದೆಯಲ್ಲ, ಕೇಳುವುದೇ ಬೇಡ ಎನ್ನುವ ಬುದ್ಧಿವಂತರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಕೊಂಡವರ ದಾಖಲೆಯಲ್ಲಿ ಕೊಳ್ಳದೆ ಹೋದವರ ಕಾರಣ ಎಲ್ಲಿರುತ್ತದೆ? ಮುಂದೆ ಹೋಗೋಣ.

ಇನ್ನೂ ಒಪ್ಪದವರಿಗೆ ಇದು: ಅಮೆರಿಕದ ಸಿನ್ಸಿನಾಟಿ ನಗರದ ಸಂಶೋಧಕರು 1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆಯ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ಸುಮಾರು ಮೂರರಲ್ಲಿ ಒಬ್ಬರು ಪರವಾಗಿಯೋ ವಿರೋಧವಾಗಿಯೋ ಉತ್ತರಿಸಿದರು. ಅಂಥ ಕಾಯ್ದೆಯೇ ಇರಲಿಲ್ಲ! ಇಲ್ಲದ ಕಾಯ್ದೆಗೂ ಅಭಿಪ್ರಾಯ ಸಿದ್ಧವಿರುವಾಗ, ಕೇಳಿದರಾಯಿತಂತೆ, ಕೇಳಿದರೆ! ಉತ್ತರ ಬೇರೆ, ಮನಸ್ಸು ಬೇರೆ, ಬೇರೆ, ಬೇರೆ.

ಮುಂದಿನ ಸಂಚಿಕೆಯಲ್ಲಿ 1948ರ ಅಮೆರಿಕದ ಚುನಾವಣೆಯಲ್ಲಿ ಮತದಾನಕ್ಕೆ ವಾರಗಳ ಮುಂಚೆಯೇ ಸಮೀಕ್ಷೆ ನಿಲ್ಲಿಸಿ ಅಧ್ಯಕ್ಷ ಟ್ರೂಮನ್ ಸೋಲುತ್ತಾರೆಂದು ನಂಬಿ ಕುಳಿತ ಸಂಸ್ಥೆಗಳ ಪಾಡನ್ನು ಹೇಳುತ್ತೇನೆ. ವಾಹಿನಿಗೆ ಚಂದಾದಾರರಾಗಿ, ಗಂಟೆಯ ಗುರುತನ್ನೂ ಒತ್ತಿ. ಒತ್ತುತ್ತೇನೆ ಎಂದು ಬರೆದವರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.