ಮೊದಲು ಅಚ್ಚು, ಆಮೇಲೆ ಗರಗಸ

ಕೇಳುಗರಿಗೆ ನಮಸ್ಕಾರ. ಹಾವೇರಿ, ಗದಗ ಕಡೆಯ ನದಿದಂಡೆಯ ಊರುಗಳಲ್ಲಿ, ತಾವೇ ಒಂದು ಮರದ ದೋಣಿ ಕಟ್ಟಬೇಕೆಂದು ಪ್ಲೈವುಡ್ ತಂದು ಗೋಡೆಗೆ ಒರಗಿಸಿಟ್ಟವರಿಗೆ ಈ ಮಾತು. ಆ ಹಾಳೆಯ ಮೇಲೆ ಈಗಲೇ ಪೆನ್ಸಿಲ್ ಇಡಬೇಡಿ. ಮೊದಲು ಮಗ್ಗುಲ ಹಲಗೆಯ ಅಚ್ಚು, ಅಂದರೆ ಅದೇ ಅಳತೆಯ ಅಗ್ಗದ ಮಾದರಿ ಹಾಳೆ, ಮಾಡಿ.

ಖಣದ ಕುಬಸ ಹೊಲಿಯುವವರು ಹಳೆಯ ಪತ್ರಿಕೆಯ ಹಾಳೆಯನ್ನು ಕತ್ತರಿಸಿಟ್ಟುಕೊಂಡೇ ಬಟ್ಟೆಗೆ ಕೈ ಹಾಕುತ್ತಾರೆ. ಮೈ ಉಬ್ಬು, ಬಟ್ಟೆ ಚಪ್ಪಟೆ. ದೋಣಿಯದೂ ಅದೇ ಕಥೆ. 12 ಅಡಿ ದೋಣಿಗೆ 12 ಅಡಿಯ ಹಲಗೆ ಸಾಲುವುದಿಲ್ಲ; ಹೆದೆಗಿಂತ ಬಿಲ್ಲು ಉದ್ದ. ಮಗ್ಗುಲು ಹೊರಕ್ಕೆ ವಾಲಿದ್ದರೆ, ನೇರವಾಗಿ ಕೊಯ್ದ ಹಲಗೆಯನ್ನು ಬಗ್ಗಿಸಿದ ಕೂಡಲೇ ಎರಡೂ ತುದಿಗಳು ಮೇಲೇಳುತ್ತವೆ. ಇದನ್ನು ಟೇಪು ಹೇಳುವುದಿಲ್ಲ, ಅಚ್ಚು ಹೇಳುತ್ತದೆ.

ನನ್ನ ಮೊದಲ ದೋಣಿಗೆ ನಾನು ಅಚ್ಚು ಮಾಡಲಿಲ್ಲ. ಬಡಗಿ ಕೆಲಸ ಕಲಿಸುವ ಮಾಸ್ತರ, ನನಗೇಕೆ ಅಚ್ಚು ಎಂಬ ಜಂಬ. ಎಡ, ಬಲ ಎರಡನ್ನೂ ಬೇರೆ ಬೇರೆಯಾಗಿ ಗೆರೆ ಎಳೆದು ಕೊಯ್ದೆ. ಮೂತಿಯ ಹತ್ತಿರ ಒಂದೂವರೆ ಅಂಗುಲ ವ್ಯತ್ಯಾಸ ಬಂತು. ಹಗ್ಗ ಹಾಕಿ ಬಿಗಿದೆ. ಮೂತಿ ಎಡಕ್ಕೆ ಸೊಟ್ಟಗಾಯಿತು. ಬಣ್ಣ ಹಚ್ಚಿದರೆ ಕಾಣುವುದಿಲ್ಲ ಎಂದುಕೊಂಡೆ. ಗಳಗನಾಥದ ಹತ್ತಿರ, ವರದೆ ಬಂದು ತುಂಗಭದ್ರೆಯನ್ನು ಕೂಡುವಲ್ಲಿ, ತೆಂಗಿನಕಾಯಿ ಒಡೆದು ನೀರಿಗಿಳಿಸಿದೆವು. ಹುಟ್ಟು ಹಾಕಿದಷ್ಟೂ ದೋಣಿ ಎಡಕ್ಕೇ ಹೊರಳಿ, ಒಂದು ಸುತ್ತು ಹಾಕಿ, ಬಿಟ್ಟ ದಂಡೆಗೇ ಬಂದು ನಿಂತಿತು. ಮತ್ತೊಮ್ಮೆ ಹೊರಟೆವು, ಮತ್ತೆ ಅಲ್ಲಿಗೇ. ಹರಿಗೋಲು ನಡೆಸುವ ಅಜ್ಜನೊಬ್ಬ ಬೀಡಿ ಆರಿಸಿ, “ಮಾಸ್ತರರೇ, ಸುತ್ತುವುದೇ ಆದರೆ ನನ್ನದರಲ್ಲಿ ಕುಳಿತುಕೊಳ್ಳಿ, ಅದು ದುಂಡಗಾದರೂ ಇದೆ” ಎಂದ. ಆ ದೋಣಿಯಲ್ಲಿ ಈಗ ನಮ್ಮ ಎಮ್ಮೆಗೆ ಹಿಂಡಿ ಕಲಸುತ್ತಾರೆ.

ಹೊತ್ತು ಕಡಿಮೆಯಿದೆ, ಬೇಗ ಹೇಳುತ್ತೇನೆ. ದೋಣಿಗೆ ಆಕಾರ ಕೊಡುವ ಅಡ್ಡಚೌಕಟ್ಟುಗಳನ್ನು ಬೋರಲಾಗಿ ನಿಲ್ಲಿಸಿ. 3 ಮಿಲಿಮೀಟರಿನ ಅಗ್ಗದ ಪ್ಲೈವುಡ್ಡನ್ನು ಉದ್ದಕ್ಕೆ ಜೋಡಿಸಿ, ಅವುಗಳ ಮೇಲೆ ಬಗ್ಗಿಸಿ ಬಿಗಿಯಿರಿ. ಪ್ರತಿ ಚೌಕಟ್ಟಿನ ಹತ್ತಿರ ಮೇಲಂಚು, ಕೆಳಂಚುಗಳ ಗುರುತು ಹಾಕಿ ಬಿಚ್ಚಿ. ಗುರುತುಗಳಿಗೆ ಸಣ್ಣ ಮೊಳೆ ಹೊಡೆದು, ಸೀಳಿದ ಬಿದಿರಿನ ದಬ್ಬೆಯನ್ನು ಅವುಗಳಿಗೆ ತಾಗಿಸಿ ಬಾಗಿಸಿ. ಕಣ್ಣನ್ನು ದಬ್ಬೆಯ ಮಟ್ಟಕ್ಕೆ ತಂದು ತುದಿಯಿಂದ ನೋಡಿ. ಎಲ್ಲಾದರೂ ಗೂನು ಕಂಡರೆ ಆ ಮೊಳೆ ಕೀಳಿ. ಮೊಳೆಗಿಂತ ದಬ್ಬೆ ಬುದ್ಧಿವಂತ. ದಬ್ಬೆಯ ಗುಂಟ ಗೆರೆ ಎಳೆದು ಕೊಯ್ದ ಅಚ್ಚನ್ನು ಚೌಕಟ್ಟುಗಳ ಎರಡೂ ಮಗ್ಗುಲಿಗೆ ಹಿಡಿದು ನೋಡಿ. ಎರಡೂ ಕಡೆ ಕೂತರೆ ಮಾತ್ರ ಐ.ಎಸ್. 710 ಎಂಬ ಭಾರತೀಯ ಮಾನಕದ ಮುದ್ರೆಯ, ನೀರು ತಾಳುವ ದುಬಾರಿ ಮರೈನ್ ಪ್ಲೈವುಡ್ ಮುಟ್ಟಿ. ಇಷ್ಟಕ್ಕೆ ಅರ್ಧ ದಿನ ಸಾಕು. ಅಷ್ಟೂ ಪುರಸೊತ್ತಿಲ್ಲದವರು ದೋಣಿ ಏಕೆ ಕಟ್ಟಬೇಕೋ!

ಅಂಟು, ಬಣ್ಣ, ಬುಡದ ಹಲಗೆಗಳಿಗೆ ಸಮಯ ಉಳಿಯಲಿಲ್ಲ. ಅಚ್ಚಿನ ಮೇಲೆ ಮುಂದು, ಹಿಂದು, ಮೇಲು ಎಂದು ದಪ್ಪಗೆ ಬರೆಯಿರಿ. ಎರಡನೆಯ ಹಲಗೆಗೆ ಅಚ್ಚನ್ನು ಮಗುಚಿ ಇಡಿ. ಮರೆತರೆ ಪ್ಲೈವುಡ್ಡಿನ ಚೆಂದದ ಮುಖ ದೋಣಿಯ ಒಳಗೆ ಹೋಗುತ್ತದೆ. ನನ್ನ ಎರಡನೆಯ ದೋಣಿ ಹಾಗೆಯೇ ಇದೆ. ನಮಸ್ಕಾರ.